ಏರ್‌ಪೋರ್ಟ್ ಬಾಗಿಲಲ್ಲೇ ಸಮುದ್ರ

ಬೆಂಗಳೂರಿನಿಂದ ಮಾಲ್ಡೀವ್ಸ್‌ನ ಮಾಲೆಗೆ ಹೆಚ್ಚುಕಡಿಮೆ ಎರಡು ಗಂಟೆ. ವಿಮಾನ ಇಳಿಯುತ್ತಿತ್ತು, ಕಿಟಕಿಯಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಅಲೆಯ ನೊರೆ ಕಾಣುವಷ್ಟು ಹತ್ತಿರ ಬಂದಾಗ ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಚಕ್ರ ನೆಲ ಮುಟ್ಟಿತು. ವಾಚನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿಕೊಂಡೆವು.

ಪೂಜೆಯ ಮೂರ್ತಿಗಳನ್ನು ಮಾಲ್ಡೀವ್ಸ್ ಒಳಗೆ ಒಯ್ಯುವಂತಿಲ್ಲ. ಅವಳ ಪರ್ಸಿನಲ್ಲಿ ಸದಾ ಇರುವ ಪುಟ್ಟ ಹಿತ್ತಾಳೆ ಗಣಪ ಈ ಸಲ ಮನೆಯಲ್ಲೇ ಉಳಿದಿದ್ದ. ಕಸ್ಟಮ್ಸ್ ದಾಟಿ ಹೊರಗೆ ಬಂದು ನೋಡಿದರೆ, ರಸ್ತೆಯಾಚೆಗೇ ಸಮುದ್ರ. ಸಾಲಾಗಿ ದೋಣಿಗಳು. ಅಲ್ಲಿಯೂ ದೋಣಿಗೆ ದೋಣಿ ಅಂತಲೇ ಹೇಳುತ್ತಾರೆ, ಕೇಳಿ ಖುಷಿಯಾಯಿತು.

ಈ ದ್ವೀಪದ ಹೆಸರು ಹುಳುಲೆ. ದ್ವೀಪ ಅಂದರೆ ಇಲ್ಲಿ ಬಹುಪಾಲು ಏರ್‌ಪೋರ್ಟೇ. ರಾಜಧಾನಿ ಮಾಲೆ ನೀರಿನಾಚೆಗಿದೆ. 2018ರಲ್ಲಿ ಸೇತುವೆ ಆಗುವವರೆಗೆ ಮಾಲೆಗೆ ಹೋಗಲು ದೋಣಿಯೇ ಗತಿ. ಸೇತುವೆ ಇದ್ದರೂ ನಾವು ದೋಣಿಯನ್ನೇ ಹತ್ತಿದೆವು. ಹತ್ತೇ ನಿಮಿಷ. ಎದುರು ಬೆಂಚಿನಲ್ಲಿ ಸೂಟ್‌ಕೇಸ್ ಹಿಡಿದ ಪ್ರವಾಸಿಗಳು, ಪಕ್ಕದಲ್ಲಿ ಟಿಫಿನ್ ಚೀಲ ಹಿಡಿದ ಏರ್‌ಪೋರ್ಟ್ ಕೆಲಸಗಾರರು.

1960ರಲ್ಲಿ ಇಲ್ಲಿ ಮೊದಲ ರನ್‌ವೇ ಮಾಡಿದಾಗ ಹಾಸಿದ್ದು ಉಕ್ಕಿನ ತಗಡುಗಳನ್ನು. ಊರವರೇ ಸ್ವಯಂಸೇವಕರಾಗಿ ಬಂದು ದುಡಿದರು. ಆ ವರ್ಷ ಅಕ್ಟೋಬರ್ 19ರಂದು ನ್ಯೂಜಿಲೆಂಡ್ ವಾಯುಪಡೆಯ ವಿಮಾನವೊಂದು ಮೊದಲು ಇಳಿಯಿತು. ಸುತ್ತ ಉಪ್ಪುಗಾಳಿ ಇರುವಲ್ಲಿ ಉಕ್ಕು ಎಷ್ಟು ದಿನ ಬಾಳೀತು? 1966ರ ಹೊತ್ತಿಗೆ ಡಾಂಬರಿನ ರನ್‌ವೇ ಬಂತು. ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. 1981ರಲ್ಲಿ ಇದು ಅಂತಾರಾಷ್ಟ್ರೀಯ ನಿಲ್ದಾಣವಾಯಿತು. ಈಗಿನ ಹೆಸರು ವೆಲಾನಾ, ಆ ಮೊದಲ ರನ್‌ವೇ ಕಾಲದ ನಾಯಕ ಇಬ್ರಾಹಿಂ ನಾಸಿರ್ ಅವರ ಮನೆಯ ಹೆಸರು. ನಮ್ಮ ಕರಾವಳಿಯ ಹಾಗೆ ಅಲ್ಲಿಯೂ ಮನೆಯ ಹೆಸರಿನಿಂದ ಮನುಷ್ಯರನ್ನು ಗುರುತಿಸುತ್ತಾರೆ.

ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು 1988ರ ಕಥೆ. ನವೆಂಬರ್ 3ರಂದು ಶ್ರೀಲಂಕಾದ ಕಡೆಯಿಂದ ಬಂದ ಬಂದೂಕುಧಾರಿಗಳು ಮಾಲೆಗೆ ನುಗ್ಗಿ, ಅಧ್ಯಕ್ಷ ಗಯೂಮ್ ಅವರನ್ನು ಇಳಿಸಲು ಹೊರಟರು. ರಾಜಧಾನಿಯ ಮುಖ್ಯ ಜಾಗಗಳನ್ನು ಹಿಡಿದರು, ನೀರಾಚೆಯ ಹುಳುಲೆಯನ್ನು ಹಿಡಿಯಲಿಲ್ಲ. ಅದೇ ಅವರಿಗೆ ಮುಳುವಾಯಿತು. ಅದೇ ರಾತ್ರಿ ಆಗ್ರಾದಿಂದ ಹೊರಟ ನಮ್ಮ ಸೇನೆಯ ದೊಡ್ಡ ವಿಮಾನಗಳು ಇದೇ ರನ್‌ವೇ ಮೇಲೆ ಇಳಿದವು. ಸೈನಿಕರು ಮುಂದಕ್ಕೆ ಹೋದದ್ದು ಮತ್ತೆ ದೋಣಿಯಲ್ಲೇ! ನಮ್ಮ ದೋಣಿ ಮಾಲೆಯ ಕಟ್ಟೆಗೆ ತಾಗಿದಾಗ ನಾನು ತಿರುಗಿ ರನ್‌ವೇ ಕಡೆ ನೋಡಿದೆ. ಇಷ್ಟೇ ಇಷ್ಟು ನೀರು.

ಬೆಂಗಳೂರಿನ ನಂಟೂ ಒಂದಿದೆ, ಸ್ವಲ್ಪ ಕಹಿಯದು. 2010ರಲ್ಲಿ ಈ ನಿಲ್ದಾಣ ನಡೆಸುವ ಗುತ್ತಿಗೆ ಆಗ ಬೆಂಗಳೂರಿನಲ್ಲಿ ನೆಲೆಯಿದ್ದ ಜಿಎಂಆರ್ ಕಂಪನಿಯ ನೇತೃತ್ವದ ಕೂಟಕ್ಕೆ ಸಿಕ್ಕಿತ್ತು. 2012ರಲ್ಲಿ ಅಲ್ಲಿನ ಸರ್ಕಾರ ಅದನ್ನು ರದ್ದು ಮಾಡಿತು. ಜಗಳ ಸಿಂಗಪುರದ ಮಧ್ಯಸ್ಥಿಕೆಗೆ ಹೋಯಿತು, ಕೊನೆಗೆ ಮಾಲ್ಡೀವ್ಸ್ ದೊಡ್ಡ ಪರಿಹಾರ ಕಟ್ಟಬೇಕಾಯಿತು. 2018ರಲ್ಲಿ 3,400 ಮೀಟರಿನ ಹೊಸ ರನ್‌ವೇ ಮಾಡಿದ್ದು ಚೀನಾದ ಕಂಪನಿ. ಇಷ್ಟು ಚಿಕ್ಕ ಜಾಗದ ಮೇಲೆ ಎಷ್ಟು ಜನರ ಕಣ್ಣು, ಅಲ್ವಾ? ಇರದೆ ಏನು. 2024ರಲ್ಲಿ ಈ ದೇಶಕ್ಕೆ ಬಂದ ಪ್ರವಾಸಿಗಳು 20 ಲಕ್ಷ ದಾಟಿದರು, ಬಹುತೇಕ ಎಲ್ಲರೂ ಬಂದದ್ದು ಈ ಬಾಗಿಲಿನಿಂದಲೇ. ನಾವು ಹೋದಾಗ ಹೊಸ ಟರ್ಮಿನಲ್ ಇನ್ನೂ ಕಟ್ಟುತ್ತಿದ್ದರು. 2025ರ ಜುಲೈನಲ್ಲಿ ಅದು ತೆರೆಯಿತು.

ಮೂರನೇ ದಿನ ಮನಸ್ಸು ತಡೆಯದೆ ಸೀಪ್ಲೇನ್‌ನಲ್ಲಿ ಒಂದು ಸುತ್ತು ಹೋದೆವು. ಜೇಬಿಗೆ ಚೆನ್ನಾಗಿಯೇ ಕತ್ತರಿ ಬಿತ್ತು. ನೀರಿನ ಮೇಲೆ ಓಡಿ ನೀರಿನಿಂದಲೇ ಏಳುವ ವಿಮಾನ ಅದು. ಕಾಕ್‌ಪಿಟ್ ಬಾಗಿಲು ತೆರೆದೇ ಇತ್ತು. ಪೈಲಟ್ ಬರಿಗಾಲಲ್ಲಿ ಕೂತಿದ್ದ. ಪೆಡಲಿನ ಮೇಲೆ ಅವನ ಹಿಮ್ಮಡಿ, ಅದರಲ್ಲಿ ನಮ್ಮೂರಿನ ರೈತರ ಹಾಗೆ ಬಿರುಕು. ಕೆಳಗೆ ಹವಳದ ದ್ವೀಪಗಳು ಹಾದುಹೋಗುತ್ತಿದ್ದವು, ಆದರೂ ಆ ಹಿಮ್ಮಡಿಯೇ ಈಗ ಮೊದಲು ನೆನಪಾಗುತ್ತದೆ. ಈ ವಿಮಾನಗಳು ಕತ್ತಲಾದ ಮೇಲೆ ಹಾರುವುದಿಲ್ಲ. ಸಂಜೆ ತಡವಾಗಿ ಬಂದಿಳಿದವರು ಮಾರನೇ ದಿನದವರೆಗೆ ಕಾಯಬೇಕು.

ವಾಪಸ್ ಬರುವಾಗ ನನ್ನ ಪಕ್ಕದ ಸೀಟಿನಲ್ಲಿ ಮಾಲೆಯ ಒಬ್ಬರು ಹಿರಿಯರು. ತೊಡೆಯ ಮೇಲೆ ಎಕ್ಸ್‌ರೇ ಇದ್ದ ದಪ್ಪ ಫೈಲು. ಮಂಡಿ ನೋವಿಗೆ ಬೆಂಗಳೂರಿನಲ್ಲಿ ಚಿಕಿತ್ಸೆಯಂತೆ. ಇಂಗ್ಲಿಷಿನಲ್ಲಿ ಮಾತಾಡಿದ್ದು ಮೊಮ್ಮಗ. ಆ ಉಕ್ಕಿನ ರನ್‌ವೇ ಕೆಲಸಕ್ಕೆ ತಾತನ ಅಪ್ಪನೂ ಹೋಗಿದ್ದರಂತೆ. ದುಡ್ಡು ಕೊಟ್ಟರಾ ಅಂತ ಕೇಳಿದೆ. ಮೊಮ್ಮಗ ಕೇಳಿ ಹೇಳಿದ. ತಾತ ನಕ್ಕು ತಲೆ ಅಲ್ಲಾಡಿಸಿದರು. ಆಮೇಲೆ ಅವರದೊಂದು ಪ್ರಶ್ನೆ: ಬೆಂಗಳೂರಿನಲ್ಲಿ ಈಗ ಚಳಿಯಾ, ಸ್ವೆಟರ್ ಬೇಕಾ?