ಬ್ಯಾಂಡ್ ಬಿಟ್ಟು ಹೋದವರು ಏಕೆ ಸೊರಗುತ್ತಾರೆ?

ನಾನು ಬಹುಕಾಲದಿಂದ ರಾಕ್ ಸಂಗೀತ ಕೇಳುವವನೆಂದು ತಿಳಿದವರು ಮಾತಿನ ನಡುವೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಹೆಸರಾಂತ ಬ್ಯಾಂಡನ್ನು ಬಿಟ್ಟು ಒಬ್ಬರೇ ಹೊರಟ ಸಂಗೀತಗಾರರು, ಕಂಠವೂ ಕೈಚಳಕವೂ ಮೊದಲಿನಂತೆಯೇ ಇದ್ದರೂ, ಹಿಂದಿನ ಎತ್ತರವನ್ನು ಮತ್ತೆ ಮುಟ್ಟದೆ ಹೋಗುವುದೇಕೆ?

ಎದುರಾಡುವವರು ಇಲ್ಲವಾಗುವುದೇ ಇದಕ್ಕೆ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಬ್ಯಾಂಡಿನಲ್ಲಿ ಇರುವ ನಾಲ್ಕೈದು ಜನ ಸಮಾನರು. ಒಬ್ಬ ತಂದ ಹಾಡನ್ನು ಉಳಿದವರು ಒಪ್ಪಬೇಕು, ಒಪ್ಪದಿದ್ದರೆ ಅದನ್ನು ತಿದ್ದಬೇಕು ಅಥವಾ ಕೈಬಿಡಬೇಕು. ಒಂಟಿಯಾದ ಮೇಲೆ ಸುತ್ತ ಇರುವವರು ಸಂಭಾವನೆ ಪಡೆದು ನುಡಿಸುವವರು. ಅವರು ಬೇಡವೆನ್ನುವುದು ಅಪರೂಪ. ಹೆಸರಿನ ನಷ್ಟವೂ ಸಣ್ಣದಲ್ಲ. ಪಿಂಕ್ ಫ್ಲಾಯ್ಡ್‌ನ ಮುಖ್ಯ ಗೀತರಚನಕಾರನಾಗಿದ್ದ ರೋಜರ್ ವಾಟರ್ಸ್ 1985ರಲ್ಲಿ ಹೊರಬಂದಾಗ ಆ ಹೆಸರು ಉಳಿದವರ ಪಾಲಾಯಿತು. 1987ರಲ್ಲಿ ಎರಡೂ ಕಡೆಯವರು ಕಛೇರಿಗಳಿಗೆ ಹೊರಟಾಗ ಜನ ಸಾಗರದಂತೆ ಹರಿದದ್ದು ಹೆಸರಿನ ಕಡೆಗೇ. ಆದರೂ ಇದು ಎಲ್ಲರ ಕಥೆಯಲ್ಲ ಎನ್ನುವುದಕ್ಕೆ ನಾನು ಯಾವಾಗಲೂ ಪೀಟರ್ ಗೇಬ್ರಿಯಲ್‌ನ ಉದಾಹರಣೆಯನ್ನು ಕೊಡುತ್ತೇನೆ.

ಇಂಗ್ಲೆಂಡಿನ ಸರ್ರಿ ಪ್ರಾಂತದ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಕಟ್ಟಿದ ಜೆನೆಸಿಸ್ ಬ್ಯಾಂಡಿಗೆ ಗೇಬ್ರಿಯಲ್ ಗಾಯಕ. ವಿಚಿತ್ರ ವೇಷಗಳನ್ನು ತೊಟ್ಟು ವೇದಿಕೆಗೆ ಬರುತ್ತಿದ್ದ ಅವನೇ ಜನರ ಕಣ್ಣಿಗೆ ಜೆನೆಸಿಸ್ ಆಗಿಬಿಟ್ಟಿದ್ದ. 1974ರ ಜೋಡಿ ಆಲ್ಬಮ್ಮಿನ ಸಾಹಿತ್ಯವನ್ನು ತಾನೇ ಬರೆಯುತ್ತೇನೆಂದು ಅವನು ಹಟ ಹಿಡಿದ. ಉಳಿದವರು ಸಂಗೀತವನ್ನು ಕಟ್ಟುತ್ತಾ ಹೋದರು. ಆ ವರ್ಷವೇ ಹುಟ್ಟಿದ ಅವನ ಮೊದಲ ಮಗಳ ಆರೋಗ್ಯದ ಆತಂಕವೂ ಈ ಬಿರುಕಿನ ಜೊತೆಗೆ ಸೇರಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಪ್ರವಾಸ ಆಗಷ್ಟೇ ಶುರುವಾಗಿದ್ದಾಗ, ತಾನು ಹೊರಡುವುದಾಗಿ ಗೆಳೆಯರಿಗೆ ತಿಳಿಸಿದ. ಹಾಗಿದ್ದೂ 1975ರ ಮೇ ತಿಂಗಳಲ್ಲಿ ಪ್ರವಾಸ ಮುಗಿಯುವವರೆಗೆ ಹಾಡಿದ. ಒಪ್ಪಿಕೊಂಡ ಕೆಲಸವನ್ನು ಮುಗಿಸಿಯೇ ಹೊರಟ ಆ ನಡತೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

1977ರಲ್ಲಿ ಬಂದ ಅವನ ಮೊದಲ ಏಕವ್ಯಕ್ತಿ ಆಲ್ಬಮ್ಮಿನಲ್ಲಿ, ಬಾತ್ ನಗರದ ಹತ್ತಿರದ ಸಾಲ್ಸ್‌ಬರಿ ಗುಡ್ಡದ ಹೆಸರಿನ ಹಾಡಿದೆ. ಬ್ಯಾಂಡ್ ಬಿಟ್ಟ ಅನುಭವವೇ ಅದರ ವಸ್ತು. ಹಾಡು ಬಹುತೇಕ ಏಳು ಎಣಿಕೆಯಲ್ಲಿ ನಡೆಯುತ್ತದೆ. ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಇದು ಅಪರೂಪವಾದರೂ ಮಿಶ್ರಛಾಪು ತಾಳವನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಅದರ ನಡಿಗೆ ಕೂಡಲೇ ಹಿಡಿಸುತ್ತದೆ. ಆದರೆ ಆ ಆಲ್ಬಮ್ಮಿನ ಉಳಿದ ಭಾಗದಲ್ಲಿ ಅವನಿನ್ನೂ ತಡಕಾಡುತ್ತಿದ್ದಾನೆ. ಅದರ ಕೊನೆಯ ಹಾಡು ವಾದ್ಯಗಳ ಭಾರಕ್ಕೆ ಕುಸಿದಿದೆ ಎಂದು ಅವನಿಗೂ ಅನ್ನಿಸಿರಬೇಕು. 1979ರಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್‌ನ ಆಲ್ಬಮ್ಮಿಗಾಗಿ ಅದನ್ನೇ ತೀರ ಸರಳವಾಗಿ ಮತ್ತೆ ಹಾಡಿದ.

ಅವನು ಗೆದ್ದದ್ದು ಎದುರಾಡುವವರನ್ನು ತಾನೇ ಹುಡುಕಿಕೊಂಡು ಹೋದದ್ದರಿಂದ. ಮೊದಲ ಆಲ್ಬಮ್ಮಿಗೆ ಬಾಬ್ ಎಜ್ರಿನ್, ಎರಡನೆಯದಕ್ಕೆ ಫ್ರಿಪ್, ಮೂರನೆಯದಕ್ಕೆ ಸ್ಟೀವ್ ಲಿಲ್ಲಿವೈಟ್, ಹೀಗೆ ಪ್ರತಿ ಬಾರಿಯೂ ಬೇರೆ ನಿರ್ಮಾಪಕ (ಅಂದರೆ ಧ್ವನಿಮುದ್ರಣಕ್ಕೆ ದಿಕ್ಕು ತೋರುವವನು), ಬೇರೆ ಅಭಿರುಚಿ. 1980ರ ಆ ಮೂರನೆಯ ಆಲ್ಬಮ್ಮಿಗೆ ಅವನೇ ಒಂದು ಕಟ್ಟುಪಾಡು ಹಾಕಿದ: ಡ್ರಮ್ ನುಡಿಸುವವರು ಸಿಂಬಲ್‌ಗಳನ್ನು, ಅಂದರೆ ಕಂಚಿನ ತಟ್ಟೆಗಳನ್ನು, ಮುಟ್ಟಕೂಡದು. ತಟ್ಟೆಗಳ ಝೇಂಕಾರ ತುಂಬುತ್ತಿದ್ದ ಜಾಗ ಇದರಿಂದ ಬರಿದಾಯಿತು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಧ್ವನಿತಂತ್ರಜ್ಞ ಹ್ಯೂ ಪ್ಯಾಡ್‌ಹ್ಯಾಮ್ ಕೋಣೆಯ ಅನುರಣನವನ್ನು ಒತ್ತಿ ಹಿಗ್ಗಿಸಿ, ಅದು ತಾನಾಗಿ ಅಡಗುವ ಮೊದಲೇ ತಟ್ಟನೆ ಕತ್ತರಿಸಿದಾಗ, ಗೋಡೆಗೆ ಗುದ್ದಿದಂಥ ಹೊಸ ಡ್ರಮ್ ಸದ್ದು ಹುಟ್ಟಿತು. ಆಗ ಡ್ರಮ್ ಮುಂದೆ ಕೂತಿದ್ದವನು ಫಿಲ್ ಕಾಲಿನ್ಸ್, ಗೇಬ್ರಿಯಲ್ ಬಿಟ್ಟು ಬಂದ ಬ್ಯಾಂಡಿನ ಡ್ರಮ್ಮರ್, ಅವನ ಜಾಗದಲ್ಲಿ ಹಾಡತೊಡಗಿದ್ದ ಗಾಯಕ. ಮರುವರ್ಷ ಕಾಲಿನ್ಸ್ ತನ್ನ ಮೊದಲ ಏಕವ್ಯಕ್ತಿ ಆಲ್ಬಮ್ಮಿನಲ್ಲಿ ಅದೇ ಸದ್ದನ್ನು ಲೋಕಪ್ರಸಿದ್ಧಗೊಳಿಸಿದ.

ದಕ್ಷಿಣ ಆಫ್ರಿಕಾದ ಪೊಲೀಸರ ವಶದಲ್ಲಿ 1977ರಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬೀಕೋ ಕುರಿತ ಹಾಡು ಇರುವುದೂ ಇದೇ ಆಲ್ಬಮ್ಮಿನಲ್ಲಿ. ಅಮೆರಿಕದಲ್ಲಿ ಗೇಬ್ರಿಯಲ್‌ನ ರೆಕಾರ್ಡುಗಳನ್ನು ಹೊರತರುತ್ತಿದ್ದ ಅಟ್ಲಾಂಟಿಕ್ ಕಂಪನಿ ಈ ಆಲ್ಬಮ್ಮನ್ನು ಬೇಡವೆಂದಿತು. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಜೆನೆಸಿಸ್‌ನ ಗಾಯಕನಾಗಿಯೇ ಉಳಿದಿದ್ದರೆ ಈ ಆಲ್ಬಮ್ಮನ್ನು ಅವನು ಮಾಡುತ್ತಿರಲಿಲ್ಲ.

ಹಾಗೆಂದು ಅವನು ಹಳೆಯ ಗೆಳೆಯರಿಂದ ಪೂರ್ತಿ ಕಡಿದುಕೊಂಡ ಎಂದುಕೊಳ್ಳಬಾರದು. ನಾನಾ ದೇಶಗಳ ಸಂಗೀತಗಾರರನ್ನು ಒಂದೆಡೆ ಸೇರಿಸುವ ವೋಮ್ಯಾಡ್ ಉತ್ಸವವನ್ನು 1982ರಲ್ಲಿ ಅವನೂ ಸೇರಿ ಶೆಪ್ಟನ್ ಮ್ಯಾಲೆಟ್‌ನಲ್ಲಿ ಮೊದಲ ಬಾರಿ ನಡೆಸಿದಾಗ ಭಾರಿ ನಷ್ಟವಾಗಿ, ಸಾಲ ತಲೆಯ ಮೇಲೆ ಬಂತು. ಅದನ್ನು ತೀರಿಸಲು ಆ ವರ್ಷದ ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನ ಬಯಲಿನಲ್ಲಿ ಜೆನೆಸಿಸ್ ಗೆಳೆಯರು ಅವನ ಜೊತೆ ಒಂದೇ ಒಂದು ಕಛೇರಿ ಮಾಡಿದರು. ಸುರಿಯುವ ಮಳೆಯಲ್ಲಿ ಗೇಬ್ರಿಯಲ್‌ನನ್ನು ಶವಪೆಟ್ಟಿಗೆಯಲ್ಲಿ ಹೊತ್ತು ವೇದಿಕೆಗೆ ತಂದರು. ಅದರೊಳಗಿಂದ ಎದ್ದು ಅವನು ಹಳೆಯ ಹಾಡುಗಳನ್ನು ಹಾಡಿದ. 1977ರಲ್ಲಿ ತಾನೂ ಬ್ಯಾಂಡ್ ಬಿಟ್ಟು ಹೋಗಿದ್ದ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಕೊನೆಯ ಎರಡು ಹಾಡುಗಳ ಹೊತ್ತಿಗೆ ಬಂದು ಅವರ ಪಕ್ಕದಲ್ಲಿ ನಿಂತ.