ಫ್ಲಾಸ್ಕ್ ಕಂದು, ರೀಡಿಂಗ್ ಮಾತ್ರ ಕರೆಕ್ಟ್

ಫಸ್ಟ್ ಸೆಮ್ ಬಿಎಸ್ಸಿ ಪ್ರಾಕ್ಟಿಕಲ್ ಎಕ್ಸಾಮ್. ಒಂದು ಬೆಂಚಿನ ಫ್ಲಾಸ್ಕ್‌ಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಆದರೂ ಒಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರ ಪೇಪರ್ ಮೇಲೂ ರೀಡಿಂಗ್ 10ರ ಆಸುಪಾಸಿನಲ್ಲೇ ಇತ್ತು. ಇದಾಗಿ ಕೆಲವು ಸೆಮಿಸ್ಟರ್ ಕಳೆದಿವೆ. ಪ್ರತಿ ಸಲ ಹೊಸ ಬ್ಯಾಚ್ ಲ್ಯಾಬ್‌ಗೆ ಬಂದಾಗ ನನಗೆ ಅದೇ ಬೆಂಚು ನೆನಪಾಗುತ್ತದೆ.

ಅವತ್ತಿನ ಪ್ರಯೋಗ ಆಕ್ಸಾಲಿಕ್ ಆಸಿಡ್ ಮತ್ತು ಪರ್ಮಾಂಗನೇಟ್ ಟೈಟ್ರೇಶನ್, ಅಂದರೆ ಒಂದು ದ್ರಾವಣಕ್ಕೆ ಇನ್ನೊಂದು ಎಷ್ಟು ಬೇಕು ಅಂತ ಅಳೆಯೋದು. ಮಕ್ಕಳು ಆಕ್ಸಾಲಿಕ್ ಆಸಿಡನ್ನು ತಾವೇ ತೂಗಬೇಕು, 0.63 ಗ್ರಾಂ ಆಸುಪಾಸು. 100 ಸಿಸಿ ಸ್ಟ್ಯಾಂಡರ್ಡ್ ಫ್ಲಾಸ್ಕ್‌ನಲ್ಲಿ ಕರಗಿಸಬೇಕು. ಅದರಿಂದ 10 ಸಿಸಿ ಪಿಪೆಟ್ ಮಾಡಿ, ಒಂದು ಟೆಸ್ಟ್‌ಟ್ಯೂಬ್ ಡಿಲ್ (ನೀರು ಬೆರೆಸಿದ) ಸಲ್ಫ್ಯೂರಿಕ್ ಆಸಿಡ್ ಹಾಕಿ, 60-70 ಡಿಗ್ರಿವರೆಗೆ ಕಾಯಿಸಿ, ಬ್ಯುರೆಟ್‌ನಿಂದ ಪರ್ಮಾಂಗನೇಟ್ ಬಿಡಬೇಕು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಎಂಡ್ ಪಾಯಿಂಟ್, ಅಂದರೆ ಕ್ರಿಯೆ ಮುಗಿದ ಗುರುತು. ಅಲ್ಲಿಯವರೆಗೆ ಎಷ್ಟು ಸಿಸಿ ಪರ್ಮಾಂಗನೇಟ್ ಖರ್ಚಾಯಿತೋ ಅದೇ ರೀಡಿಂಗ್. 0.63 ಗ್ರಾಂಗೆ ಅದು 10 ಬರಬೇಕು. ಬೇರೆ ಇಂಡಿಕೇಟರ್ ಬೇಕಿಲ್ಲ. ಪರ್ಮಾಂಗನೇಟ್ ಕಡು ನೇರಳೆ ಆದ್ದರಿಂದ ಬ್ಯುರೆಟ್‌ನಲ್ಲಿ ಮೇಲಿನ ಮೆನಿಸ್ಕಸ್ (ದ್ರಾವಣದ ಮೇಲಂಚು) ಓದಬೇಕು. ಇಷ್ಟನ್ನೂ ಮಕ್ಕಳು ವೈವಾಗೆ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ.

ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಆ ಒಬ್ಬಳ ಪೇಪರ್ ಎತ್ತಿಕೊಂಡು ನನ್ನ ಕೈಗೆ ಕೊಟ್ಟರು. ಮೊದಲ ಟ್ರಯಲ್ 12.4. ಎರಡನೆಯದು ಅರ್ಧಕ್ಕೇ ನಿಂತಿತ್ತು. ಪಕ್ಕದ ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದಿದ್ದಳು: 'ಬಣ್ಣ ಕಂದು ಆಯಿತು. ಗುಲಾಬಿ ಬರಲಿಲ್ಲ.' ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ. ಇಂಗ್ಲಿಷ್‌ನಲ್ಲಿ ಪ್ರೊಸೀಜರ್ ಬರೆಯೋಕೆ ಒದ್ದಾಡುತ್ತಿದ್ದಳು, ಕಂಡದ್ದನ್ನು ಬರೆಯೋಕೆ ಒದ್ದಾಡಿರಲಿಲ್ಲ.

'ಸರಿಯಾಗಿ ಹೀಟ್ ಮಾಡಿಲ್ಲ' ಅಂದರು ಎಕ್ಸ್‌ಟರ್ನಲ್. ನನಗೂ ಹಾಗೇ ಅನ್ನಿಸಿತು. ತಣ್ಣಗಿದ್ದರೆ, ಇಲ್ಲವೇ ಪರ್ಮಾಂಗನೇಟನ್ನು ಗಬಗಬ ಸುರಿದರೆ, ಕಂದು ಬರುತ್ತದೆ. ಹೆಚ್ಚಿನ ಸಲ ಕಾರಣ ಅದೇ. ಅವಳು ಮಾತ್ರ 'ಹೀಟ್ ಮಾಡಿದ್ದೆ ಸರ್' ಅಂದಳು. ಮತ್ತೆ ಕೇಳಿದರೂ ಅದನ್ನೇ ಅಂದಳು. ಅಳುವ ಹಾಗಿತ್ತು ಮುಖ, ಆದರೆ ಮಾತು ಬದಲಾಯಿಸಲಿಲ್ಲ.

ಹೊರಗೆ ಮಧ್ಯಾಹ್ನದ ಬ್ಯಾಚ್ ಏಪ್ರನ್ ಹಾಕಿಕೊಂಡು ಕಾಯುತ್ತಿತ್ತು. ಎಕ್ಸ್‌ಟರ್ನಲ್‌ಗೆ ಸಂಜೆ ಬಸ್ ಇತ್ತು. ಮಾರ್ಕ್ಸ್ ಹಾಕಿ ಮುಂದೆ ಹೋಗೋದೇ ಸುಲಭವಾಗಿತ್ತು. ಅವಳು ಹಠ ಹಿಡಿದಿದ್ದಕ್ಕೆ ಮಾತ್ರ ನಾನು ಪಕ್ಕದಲ್ಲಿ ನಿಂತು 'ಇನ್ನೊಂದು ಟ್ರಯಲ್ ಮಾಡಮ್ಮಾ' ಅಂದೆ.

ಪಿಪೆಟ್ ಮಾಡಿದಳು. ಆಸಿಡ್ ಹಾಕಿದಳು. ಫ್ಲಾಸ್ಕ್ ಬಾಯಲ್ಲಿ ಆವಿ ಕಾಣುವವರೆಗೆ ಕಾಯಿಸಿದಳು. ನಾನೇ ಮುಟ್ಟಿ ನೋಡಿದೆ, ಬಿಸಿ ಸರಿಯಾಗೇ ಇತ್ತು. ಮೊದಲ ಹನಿ ಬಿಟ್ಟಳು. ಗುಲಾಬಿ ಹೋಗಲೇ ಇಲ್ಲ, ಸುಮಾರು ಹೊತ್ತು ಹಾಗೇ ಇತ್ತು. ಇದು ತಪ್ಪಲ್ಲ, ಇದು ಹೀಗೇ ಆಗಬೇಕು. ಈ ಕ್ರಿಯೆಗೆ ವೇಗ ಕೊಡುವುದು ಅದರಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನು. ಮೊದಲ ಹನಿ ಬೀಳುವಾಗ ಅದು ಇನ್ನೂ ಹುಟ್ಟಿರುವುದಿಲ್ಲ. ಸ್ವಲ್ಪ ಹುಟ್ಟಿದ ಮೇಲೆ ಹನಿ ಬಿದ್ದ ತಕ್ಷಣ ಬಣ್ಣ ಮಾಯ. 1860ರ ದಶಕದಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹಾರ್‌ಕೋರ್ಟ್ ಮತ್ತು ಎಸ್ಸನ್ ಕ್ರಿಯೆಯ ವೇಗವನ್ನು ಅಳೆಯೋಕೆ ಕೂತಾಗ ಆರಿಸಿಕೊಂಡದ್ದು ಇದೇ ಪರ್ಮಾಂಗನೇಟ್-ಆಕ್ಸಾಲಿಕ್ ಜೋಡಿಯನ್ನು. ಅಷ್ಟು ದೊಡ್ಡ ವಿಷಯ ಫಸ್ಟ್ ಸೆಮ್ ಮಕ್ಕಳ ಫ್ಲಾಸ್ಕ್‌ನಲ್ಲೇ ಕಣ್ಣಿಗೆ ಕಾಣುತ್ತದೆ. ನಾವು 'ಸ್ವಲ್ಪ ವೇಯ್ಟ್ ಮಾಡಿ' ಅಂದು ಮುಗಿಸಿಬಿಡುತ್ತೇವೆ.

ಅವಳು ಕಾದಳು. ಬಣ್ಣ ಹೋಯಿತು. ಆಮೇಲೆ ಹನಿಗಳು ಬಿದ್ದಂತೆಲ್ಲ ಬಣ್ಣ ಹೋಗುತ್ತಾ ಬಂತು. 6 ಸಿಸಿ ಹತ್ತಿರ ಬರುತ್ತಿದ್ದ ಹಾಗೆ ಫ್ಲಾಸ್ಕ್ ಮಬ್ಬಾಯಿತು. ಇನ್ನೆರಡು ಹನಿ. ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿದ ಹಾಗಾಯಿತು. ನನ್ನ ಕಣ್ಣೆದುರೇ, ಬಿಸಿ ಸರಿಯಿದ್ದಾಗಲೇ, ನಿಧಾನವಾಗಿ ಬಿಟ್ಟಾಗಲೇ.

ಆಗ ಬಾಟಲಿಯ ಕಡೆ ನೋಡಿದೆ. ಲೇಬಲ್ ಮೇಲೆ 'ಡಿಲ್ ಸಲ್ಫ್ಯೂರಿಕ್' ಅಂತ ಅಷ್ಟೇ ಇತ್ತು. ಎಷ್ಟು ನಾರ್ಮಲ್ (ಎಷ್ಟು ಸ್ಟ್ರಾಂಗ್ ಅನ್ನೋದರ ಅಳತೆ), ಯಾವಾಗ ಮಾಡಿದ್ದು, ಏನೂ ಇಲ್ಲ. ಇಡೀ ಬೆಂಚಿಗೆ ಒಂದೇ ಬಾಟಲಿ.

ಫೈನಲ್ ಇಯರ್ ಲ್ಯಾಬ್‌ನಿಂದ 2 ನಾರ್ಮಲ್ ಬಾಟಲಿ ತರಿಸಿದೆ. ಅವಳ ಕಂದು ಫ್ಲಾಸ್ಕ್ ಇನ್ನೂ ಬಿಸಿಯಿತ್ತು. ಒಂದು ಟೆಸ್ಟ್‌ಟ್ಯೂಬ್ ಆಸಿಡ್ ಅದಕ್ಕೇ ಸುರಿದು 'ತಿರುಗಿಸು' ಅಂದೆ. ತಿರುಗಿಸಿದಳು. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಕಂದು ಹಳದಿಯಾಯಿತು, ಆಮೇಲೆ ಪೂರ್ತಿ ತಿಳಿಯಾಯಿತು, ನೀರಿನಷ್ಟು ತಿಳಿ. ಎಕ್ಸ್‌ಟರ್ನಲ್ ಕುರ್ಚಿಯಿಂದ ಎದ್ದು ಬಂದರು. 'ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸು' ಅಂದೆ. 10.2ಕ್ಕೆ ಗುಲಾಬಿ ಬಂತು, ನಿಂತಿತು. ಅವಳು ತೂಗಿದ್ದು 0.64 ಗ್ರಾಂ. ಲೆಕ್ಕ ಸರಿಯಾಗಿ ಕೂರುತ್ತಿತ್ತು.

ಆಗಿದ್ದು ಇಷ್ಟು. ಆ ಬಾಟಲಿಯ ಸಲ್ಫ್ಯೂರಿಕ್ ತೀರಾ ನೀರಾಗಿತ್ತು. ಸಲ್ಫ್ಯೂರಿಕ್ ಆಸಿಡ್ ಸಾಕಷ್ಟಿದ್ದರೆ ಪರ್ಮಾಂಗನೇಟ್ 5 ಎಲೆಕ್ಟ್ರಾನ್ ತೆಗೆದುಕೊಂಡು ಬಣ್ಣವಿಲ್ಲದ ಮ್ಯಾಂಗನೀಸ್ ಅಯಾನು ಆಗುತ್ತದೆ. ಅದಕ್ಕೆ 8 ಹೈಡ್ರೋಜನ್ ಅಯಾನು ಬೇಕು. ಆಸಿಡ್ ಸಾಲದಿದ್ದರೆ 3 ಎಲೆಕ್ಟ್ರಾನ್‌ಗೇ ನಿಂತುಬಿಡುತ್ತದೆ. ಆಗ ಸಿಗುವುದು ಮ್ಯಾಂಗನೀಸ್ ಡೈಆಕ್ಸೈಡ್, ಅದೇ ಆ ಕಂದು. ಕೆಲಸ ಅರ್ಧಕ್ಕೆ ನಿಂತಿದ್ದರಿಂದ ಪರ್ಮಾಂಗನೇಟ್ ಜಾಸ್ತಿ ಖರ್ಚಾಗುತ್ತದೆ. 12.4 ಬಂದದ್ದು ಅದಕ್ಕೇ. ಮಧ್ಯದಲ್ಲೇ ಆಸಿಡ್ ಸೇರಿಸಿದರೆ, ಉಳಿದಿರುವ ಆಕ್ಸಾಲಿಕ್ ಆಸಿಡ್ ಆ ಕಂದನ್ನೂ ಮ್ಯಾಂಗನೀಸ್ ಅಯಾನಿಗೆ ಇಳಿಸುತ್ತದೆ. ಕಡೆಗೆ ಒಟ್ಟು ಎಲೆಕ್ಟ್ರಾನ್ ಅಷ್ಟೇ, ಒಟ್ಟು ಸಿಸಿ ಅಷ್ಟೇ. ಅವಳ 12.4 ತಪ್ಪು ರೀಡಿಂಗ್ ಅಲ್ಲ. ಆ ಬಾಟಲಿಯ ಆಸಿಡ್‌ಗೆ ಅದೇ ನಿಜವಾದ ರೀಡಿಂಗ್.

ಹಾಗಾದರೆ ಮಿಕ್ಕವರ 10.1, 10.0, 10.1? ಅದೇ ಬಾಟಲಿ, ಅದೇ ಆಸಿಡ್. ಒಬ್ಬ 0.66 ಗ್ರಾಂ ತೂಗಿದ್ದ. ಅವನಿಗೆ 10.5 ಬರಬೇಕು, ಅವನೂ 10.1 ಬರೆದಿದ್ದ. ತೂಕ ಒಬ್ಬೊಬ್ಬರದು ಒಂದೊಂದು, ರೀಡಿಂಗ್ ಮಾತ್ರ ಎಲ್ಲರದೂ ಒಂದೇ. ಎರಡೆರಡು ಕಾನ್ಕರ್ಡೆಂಟ್ ವ್ಯಾಲ್ಯೂ (ಒಂದಕ್ಕೊಂದು ತಾಳೆಯಾಗುವ ರೀಡಿಂಗ್) ಬೇರೆ. ಸೀನಿಯರ್ ರೆಕಾರ್ಡ್ ನೋಡಿದ ಯಾರಿಗಾದರೂ 10 ಬರಬೇಕು ಅಂತ ಗೊತ್ತಿರುತ್ತಿತ್ತು. ಪರ್ಮಾಂಗನೇಟ್ ಸ್ಟಾಕ್ ನಾವು ಆಗೆಲ್ಲ ಪ್ರತಿ ವರ್ಷ ಅದೇ ಅಂದಾಜಿಗೇ ಮಾಡಿಸುತ್ತಿದ್ದೆವಲ್ಲ.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಸ್ಕೀಮ್ ಮೇಲೆ ಇದೆ. ಎರರ್ ಇಷ್ಟರೊಳಗಿದ್ದರೆ ಪೂರ್ತಿ ಮಾರ್ಕ್ಸ್, ಜಾಸ್ತಿಯಾದಷ್ಟು ಕಟ್. ಫ್ಲಾಸ್ಕ್‌ನಲ್ಲಿ ಏನು ಕಂಡಿತು ಅಂತ ಬರೆಯೋಕೆ ಒಂದು ಮಾರ್ಕ್ಸೂ ಇಲ್ಲ. ಹೀಗಿದ್ದಾಗ ಹದಿನೆಂಟು ವರ್ಷದ ಮಕ್ಕಳು ಏನು ಕಲಿಯುತ್ತಾರೆ ಹೇಳಿ? ಕಣ್ಣಿಗೆ ಕಂಡದ್ದನ್ನು ಬಿಟ್ಟು, ಬರಬೇಕಾದ್ದನ್ನು ಬರೆಯೋದು ಕಲಿಯುತ್ತಾರೆ. ಮೊದಲ ಸೆಮಿಸ್ಟರ್‌ನಲ್ಲೇ ಇದು ಅಭ್ಯಾಸವಾದರೆ ಆಮೇಲೆ ಬಿಡಿಸೋಕೆ ಆಗಲ್ಲ. ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಗ್ರಾಫ್ ಮೇಲೆ ಒಂದೂ ಪಾಯಿಂಟ್ ಆಚೀಚೆ ಹೋಗದೆ ಗೆರೆ ಮೇಲೇ ಕೂತಿರೋದನ್ನು ನೋಡಿದ್ದೇನೆ.

ಅಟೆಂಡರ್ ಮೇಲೂ ತಪ್ಪು ಹೊರಿಸಲಾರೆ. ಕಾನ್ಸಂಟ್ರೇಟೆಡ್ ಆಸಿಡ್ ತರಿಸೋಕೆ ಕೊಟ್ಟ ಇಂಡೆಂಟ್ (ಬೇಡಿಕೆ ಪತ್ರ) ಆಫೀಸಿನಲ್ಲಿ ಕೂತಿತ್ತು. ಇದ್ದ ಸ್ವಲ್ಪವನ್ನೇ ಎರಡು ಬ್ಯಾಚ್‌ಗೆ ಸಾಲುವಂತೆ ಮಾಡಿದ್ದರು. ಲೀಟರ್‌ಗೆ 55 ಸಿಸಿ ಹತ್ತಿರ ಹಾಕಿದರೆ 2 ನಾರ್ಮಲ್ ಅಂತ ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಹಾಕಬಾರದು ಅಂತ ಮಾತ್ರ ಎಲ್ಲರೂ ಹೇಳಿದ್ದರು. ಅದನ್ನು ಅವರು ಪಾಲಿಸಿದ್ದರು.

ಅವಳಿಗೆ ಪೂರ್ತಿ ಮಾರ್ಕ್ಸ್ ಸಿಕ್ಕಿತು, ಎಕ್ಸ್‌ಟರ್ನಲ್ ಒಪ್ಪಿದರು. ಮಿಕ್ಕವರಿಗೂ ಪೂರ್ತಿ ಸಿಕ್ಕಿತು, ಯಾಕೆಂದರೆ ಸ್ಕೀಮ್‌ನಲ್ಲಿ ಬೇರೆ ದಾರಿ ಇರಲಿಲ್ಲ. ನನಗೆ ಇನ್ನೂ ಚುಚ್ಚುವುದು ಇದೇ.

ಈಗ ನಮ್ಮ ಲ್ಯಾಬ್‌ನಲ್ಲಿ ಬಾಟಲಿ ಮೇಲೆ ನಾರ್ಮಾಲಿಟಿ, ತಯಾರಿಸಿದ ತಾರೀಖು ಎರಡೂ ಇರುತ್ತವೆ. ಎಕ್ಸಾಮ್ ಬೆಳಗ್ಗೆ ಸ್ಟಾಫ್‌ನಲ್ಲಿ ಒಬ್ಬರು ಅದೇ ಬಾಟಲಿಗಳಿಂದ ಒಂದು ಟೈಟ್ರೇಶನ್ ಮಾಡಿ ನೋಡುತ್ತೇವೆ. ಪರ್ಮಾಂಗನೇಟ್ ಸ್ಟಾಕ್‌ನ ಶಕ್ತಿಯನ್ನು ಬ್ಯಾಚಿಂದ ಬ್ಯಾಚ್‌ಗೆ ಬದಲಾಯಿಸುತ್ತೇನೆ, ಒಮ್ಮೆ 8ರ ಹತ್ತಿರ, ಒಮ್ಮೆ 12ರ ಹತ್ತಿರ ರೀಡಿಂಗ್ ಬರುವ ಹಾಗೆ. ಇಂಟರ್ನಲ್ ಮಾರ್ಕ್ಸ್ ನನ್ನ ಕೈಯಲ್ಲಿದೆ, ಅದರಲ್ಲಿ ಅಬ್ಸರ್ವೇಶನ್‌ಗೆ ಬೇರೆ ಮಾರ್ಕ್ಸ್ ಇಟ್ಟಿದ್ದೇನೆ. ಕನ್ನಡದಲ್ಲಿ ಬರೆದರೂ ಕೊಡುತ್ತೇನೆ. ಮುಖ್ಯ ಎಕ್ಸಾಮ್ ಸ್ಕೀಮ್‌ನಲ್ಲೂ ಇದನ್ನು ಸೇರಿಸಿ ಅಂತ ಬಿಒಎಸ್‌ಗೆ (ಸಿಲಬಸ್ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್) ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಮುಂದಿನ ಮೀಟಿಂಗ್‌ಗೆ ಮುಂಚೆ ಮತ್ತೆ ಬರೆಯುತ್ತೇನೆ, ಈ ಸಲ ಆ ಬೆಂಚಿನ ರೀಡಿಂಗ್‌ಗಳನ್ನೂ ತೂಕಗಳನ್ನೂ ಹೆಸರಿಲ್ಲದೆ ಜೊತೆಗಿಟ್ಟು.