ಮೀಟರ್ ಚೆನ್ನಾಗಿದೆ ಅಂದ್ರೆ ಆಂಟೆನಾ ಚೆನ್ನಾಗಿದೆ ಅಂತಲ್ಲ

11 ಜನವರಿ 2026, ಭಾನುವಾರ
ಹೊಳೆಬಾಗಿಲು, ಸಾಗರ

ಶರಾವತಿ ಹಿನ್ನೀರಲ್ಲಿ ಸ್ವಲ್ಪ ಒಳಗೆ ಹೋದ್ರೆ ಮೊಬೈಲ್ ಸಿಗ್ನಲ್ ಇಲ್ಲ, ಅದಕ್ಕೇ ಭಾವನ ಫೈಬರ್ ದೋಣಿಗೆ ಹ್ಯಾಮ್ ಸೆಟ್ (ಹವ್ಯಾಸಿಗಳ ರೇಡಿಯೋ) ಹಾಕಿದ್ದು, ಇಬ್ಬರಿಗೂ ಲೈಸೆನ್ಸ್ ಇದೆ. ಆದ್ರೆ ದಡದಿಂದ ಸ್ವಲ್ಪ ದೂರ ಹೋದ್ರೂ ಆವಿನಹಳ್ಳಿಯ ಹ್ಯಾಮ್ ಸ್ಟೇಷನ್ನಿಗೆ ಸರಿಯಾಗಿ ಕೇಳ್ತಿರಲಿಲ್ಲ.

"ಮೀಟರ್ 1.3 ತೋರಿಸ್ತದಲ್ಲ ಮಾರಾಯ, ಮತ್ತೆಂತ ಬೇಕು?" ಅಂದ ಭಾವ. ಅವ ಹೇಳಿದ್ದು ಎಸ್‌ಡಬ್ಲ್ಯುಆರ್ ಮೀಟರ್, ಪವರ್ ಆಂಟೆನಾಕ್ಕೆ ಹೋಗದೆ ಎಷ್ಟು ತಿರುಗಿ ಬರ್ತದೆ ಅಂತ ಅಳೆಯೋದು, 1ರ ಹತ್ರ ಇದ್ದಷ್ಟೂ ಒಳ್ಳೇದು.

ನಂಗೆ ಕೇಬಲ್ ಮೇಲೇ ಡೌಟು. ಸೆಟ್ ಹತ್ರ ಇದ್ದ ಎಸ್‌ಡಬ್ಲ್ಯುಆರ್ ಮೀಟರನ್ನ ಬಿಚ್ಚಿ ಆಂಟೆನಾ ಬುಡಕ್ಕೆ ಹಾಕಿದ್ವಿ, 2.5! ಆಮೇಲೆ ಆ ತುದಿಗೆ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಪವರ್ ನುಂಗೋ ಸಾಧನ) ಕಟ್ಟಿ ಪವರ್ ನೋಡಿದ್ರೆ ಸೆಟ್ಟಿಂದ 25 ವ್ಯಾಟ್ ಬಿಟ್ಟಿದ್ದು ಅಲ್ಲಿಗೆ ಬರೀ 8 ಬರ್ತಿತ್ತು. ಕೇಬಲ್ ಸಿಪ್ಪೆ ಸುಲಿದಾಗ ಒಳಗಿನ ತಾಮ್ರದ ಜಾಲರಿ ಕಪ್ಪಗಾಗಿ ಬೆರಳಿಗೆ ಪುಡಿ ಹತ್ತಿತು, ಕನೆಕ್ಟರ್ ಸಂದಿಂದ ಮಳೆಗಾಲದ ನೀರು ಇಳಿದಿದೆ. ಹೋಗೋ ಪವರನ್ನೂ ತಿರುಗಿ ಬರೋದನ್ನೂ ಕೇಬಲ್ಲೇ ನುಂಗಿದ್ರೆ ಮೀಟರಿಗೆ ಎಂತ ಗೊತ್ತಾಗ್ತದೆ, ಎಲ್ಲ ಸರಿ ಇದೆ ಅಂತಲೇ ತೋರಿಸೋದು.

ಹೊಸ ದಪ್ಪ ಕೇಬಲ್, ಆರ್‌ಜಿ 213, ಎಳೆದ್ವಿ. ಈಗ ತುದಿಗೆ 22 ವ್ಯಾಟ್.

ಫೈಬರ್ ದೋಣಿಗೆ ಇನ್ನೊಂದು ತೊಂದರೆ, ಕಬ್ಬಿಣದ ಲಾಂಚಾದ್ರೆ ಮೈಯೇ ಗ್ರೌಂಡ್ ಆಗ್ತದೆ, ಫೈಬರಲ್ಲಿ ಅದಿಲ್ಲ. ಕಾಲು ವೇವ್ ಕಡ್ಡಿಗೆ, ಅಂದ್ರೆ ರೇಡಿಯೋ ಅಲೆಯ ಕಾಲು ಭಾಗ ಉದ್ದದ ಆಂಟೆನಾಕ್ಕೆ, ಕೆಳಗೆ ಗ್ರೌಂಡ್ ಬದಲಿಗೆ ನಾಕು ರೇಡಿಯಲ್ (ಸುತ್ತ ಚಾಚೋ ಕಡ್ಡಿಗಳು) ಬೇಕೇ ಬೇಕು. ಅವನ್ನ 45 ಡಿಗ್ರಿ ಕೆಳಗೆ ಬಗ್ಗಿಸಿದ್ರೆ ಸೆಟ್ಟಿಗೂ ಕೇಬಲಿಗೂ ಹೊಂದೋ 50 ಓಮ್ ಹತ್ರ ಬರ್ತದೆ, ಚಪ್ಪಟೆ ಬಿಟ್ರೆ ಅದಕ್ಕಿಂತ ತುಂಬಾ ಕಮ್ಮಿ. 145 ಮೆಗಾಹರ್ಟ್ಸಿಗೆ ಕಡ್ಡಿ ಸುಮಾರು 49 ಸೆಂಟಿಮೀಟರ್. ನಾನು ಬೇಕಂತಲೇ ಉದ್ದ ಬಿಟ್ಟಿದ್ದೆ, 144ರಲ್ಲಿ ಎಸ್‌ಡಬ್ಲ್ಯುಆರ್ ಕಮ್ಮಿ 146ರಲ್ಲಿ ಜಾಸ್ತಿ ಬಂದ್ರೆ ಇನ್ನೂ ಕತ್ತರಿಸಬೇಕು ಅಂತ ಅರ್ಥ, ಒಂದೆರಡು ಮಿಲಿಮೀಟರ್ ಕತ್ತರಿಸೋದು, ಕೈ ದೂರ ತೆಗೆದು ನಿಲ್ಲೋದು, ಮತ್ತೆ ನೋಡೋದು. 1.2ಕ್ಕೆ ನಿಲ್ಲಿಸಿದ್ವಿ.

ನಿಜವಾದ ಪರೀಕ್ಷೆ ನೀರ ಮೇಲೇ. ಸಂಜೆ ಸೇತುವೆ ದಾಟಿ ಆಚೆ ತಿರುವಿನವರೆಗೂ ಹೋಗಿ 5 ವ್ಯಾಟಲ್ಲೇ ಕರೆದ್ವಿ, ಆವಿನಹಳ್ಳಿಯಿಂದ "ಸ್ಪಷ್ಟ, ಐದು ಒಂಬತ್ತು" ಅಂತ ಬಂತು (ಮಾತಿನ ಸ್ಪಷ್ಟತೆ ಐದಕ್ಕೆ ಐದು, ಸಿಗ್ನಲ್ ಬಲ ಒಂಬತ್ತಕ್ಕೆ ಒಂಬತ್ತು ಅಂತ), ಭಾವ ಖುಷಿಗೆ ಮೂರು ಸಲ ಕೇಳಿಸಿಕೊಂಡ. ಗುಡ್ಡ ಅಡ್ಡ ಬಂದ ಕಡೆ ಮಾತ್ರ ಕರಕರ, ಅಲ್ಲಿಗೆ ಕಂಬ ಎತ್ತರ ಮಾಡಬೇಕು. ನಾಳೆ ಕನೆಕ್ಟರಿಗೆ ರಬ್ಬರ್ ಟೇಪ್ ಸುತ್ತೋ ಕೆಲಸ ಬಾಕಿ.